ಎತ್ತಿದ್ದು ಬಾಡಿ, ಬಿಟ್ಟಿದ್ದು ಮಿಕ್ಕಿದ್ದೆಲ್ಲ

ಗಾಡಿ ಎತ್ತಿಸಿದ್ದೀರಿ. ಚೆನ್ನಾಗಿ ಕಾಣುತ್ತದೆ, ಇಲ್ಲವೆನ್ನಲಾರೆ. ಮಡಿಕೇರಿಯ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಸಕಲೇಶಪುರದ ಕಡೆ ಯಾವುದಾದರೂ ತೋಟದಲ್ಲಿ ಆಫ್‌ರೋಡ್ ಕೂಟ ಸೇರಿದರೆ ಯಾರೋ ಹತ್ತಿರ ಬಂದು ‘ಎಷ್ಟು ಇಂಚು ಎತ್ಸಿದ್ದೀರಿ?’ ಎಂದು ಕೇಳುತ್ತಾರೆ. ‘ಎರಡು’ ಎನ್ನುತ್ತೀರಿ. ಕೇಳಿದವನು ಮೆಚ್ಚಿ ತಲೆಯಾಡಿಸುತ್ತಾನೆ, ಅಲ್ಲಿಗೆ ವಿಚಾರಣೆ ಮುಗಿಯಿತು. ಎರಡು ಇಂಚು ಎತ್ತಿದ ಮೇಲೆ ಸ್ಟೀರಿಂಗ್ ಶಾಫ್ಟಿನ ಹಲ್ಲುಗಳು ಒಂದನ್ನೊಂದು ಎಷ್ಟು ಉದ್ದಕ್ಕೆ ಕಚ್ಚಿಕೊಂಡಿವೆ, ಲೋ ಗೇರ್ ಪೂರ್ತಿ ಕೂರುತ್ತಿದೆಯೇ, ಇಂಧನ ತುಂಬುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ರಬ್ಬರ್ ಪೈಪು ಎಳೆದುಕೊಂಡಿದೆಯೇ ಎಂದು ಅವನೂ ಕೇಳುವುದಿಲ್ಲ. ಗ್ಯಾರೇಜಿನಲ್ಲಿ ನೀವೂ ಕೇಳಿರಲಿಲ್ಲ.

ಎತ್ತಿಸಿದ್ದಕ್ಕೆ ನನ್ನ ತಕರಾರಿಲ್ಲ. ಅರ್ಧ ಕೆಲಸ ಮಾಡಿಸಿ ಪೂರ್ತಿ ಮಾಡಿಸಿದವರ ಹಾಗೆ ಓಡಾಡುತ್ತಿದ್ದೀರಲ್ಲ, ಅದಕ್ಕೆ.

ಜಿಪ್ಸಿ, ಹಳೆಯ ಮಹೀಂದ್ರ ಜೀಪು, ಥಾರ್, ಇವೆಲ್ಲ ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿಗಳು. ಕೆಳಗೆ ಏಣಿಯಂಥ ಉಕ್ಕಿನ ಚೌಕಟ್ಟು. ಅದಕ್ಕೆ ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳು, ಸ್ಟೀರಿಂಗ್ ಬಾಕ್ಸ್, ಇಂಧನ ಟ್ಯಾಂಕು. ಮೇಲೆ ತಗಡಿನ ಬಾಡಿ. ಅದಕ್ಕೆ ಸೀಟು, ಪೆಡಲ್, ಸ್ಟೀರಿಂಗ್ ಚಕ್ರ, ಬ್ರೇಕಿನ ಮಾಸ್ಟರ್ ಸಿಲಿಂಡರ್, ಇಂಧನ ತುಂಬುವ ಬಾಯಿ. ಎರಡರ ನಡುವೆ ರಬ್ಬರ್ ಬುಷ್‌ಗಳು, ಅವುಗಳ ಮೂಲಕ ಹಾದ ಬೋಲ್ಟುಗಳು. ಬಾಡಿ ಲಿಫ್ಟ್ ಎಂದರೆ ಈ ಬುಷ್‌ಗಳ ಜಾಗದಲ್ಲಿ ಒಂದೊಂದು ಬಿಲ್ಲೆ ಸೇರಿಸಿ, ಉದ್ದದ ಬೋಲ್ಟು ಹಾಕಿ, ಬಾಡಿಯನ್ನು ಚಾಸಿಯಿಂದ ಮೇಲಕ್ಕೆ ಸರಿಸುವುದು. ಹೇಳುವುದಕ್ಕೆ ಇಷ್ಟೇ. ಇಷ್ಟೇ ಎಂದು ನಂಬಿದ್ದರಿಂದಲೇ ಎಡವಟ್ಟು ಶುರುವಾಗಿದ್ದು. ಬಾಡಿಯಲ್ಲಿ ಹುಟ್ಟಿ ಚಾಸಿಯಲ್ಲಿ ಮುಗಿಯುವ ಪ್ರತಿಯೊಂದು ಕಡ್ಡಿ, ಕೇಬಲ್, ಪೈಪು, ತಂತಿಯೂ ನೀವು ಎತ್ತಿದ ಅಷ್ಟು ಇಂಚಿನ ಲೆಕ್ಕ ಕೇಳುತ್ತದೆ. ಆ ಲೆಕ್ಕ ಚುಕ್ತಾ ಮಾಡುವುದೇ ಕೆಲಸ. ಬಿಲ್ಲೆ ತೂರಿಸುವುದು ಆ ಕೆಲಸದ ಸಲೀಸಾದ ಭಾಗ.

ಮೊದಲು ಒಂದು ಭ್ರಮೆಯನ್ನು ಇಳಿಸಿಬಿಡೋಣ. ಬಾಡಿ ಎತ್ತಿಸಿದರೆ ಗಾಡಿಯ ನೆಲದಂತರ ಹೆಚ್ಚುವುದಿಲ್ಲ. ಬಂಡೆಗೆ ತಗಲುವುದು ಬಾಗಿಲಲ್ಲ, ಡಿಫರೆನ್ಷಿಯಲ್ಲಿನ ಹೊಟ್ಟೆ. ಅದು ಆಕ್ಸಲ್ ಜೊತೆ ಎಲ್ಲಿತ್ತೋ ಅಲ್ಲೇ ಇರುತ್ತದೆ. ನೀವು ಎರಡು ಇಂಚಲ್ಲ, ಇಪ್ಪತ್ತು ಇಂಚು ಬಾಡಿ ಎತ್ತಿದರೂ ಅದು ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಬಾಡಿ ಲಿಫ್ಟ್ ಕೊಡುವುದು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಜಾಗ. ಆ ಜಾಗದಲ್ಲಿ ದೊಡ್ಡ ಟೈರ್ ತೂರಿಸಬಹುದು. ಆಕ್ಸಲ್ ಎತ್ತರಿಸುವುದು ಟೈರ್ ಒಂದೇ. ಟೈರ್ ಬದಲಿಸದೆ ಬರೀ ಬಾಡಿ ಎತ್ತಿಸಿಕೊಂಡು ‘ಈಗ ಎಲ್ಲಿ ಬೇಕಾದರೂ ಹತ್ತುತ್ತೆ’ ಎನ್ನುವವರನ್ನು ನೋಡಿದ್ದೇನೆ. ಹತ್ತುವುದು ಅವರ ಮಾತು ಮಾತ್ರ.

ಟೈರಿನ ಲೆಕ್ಕವನ್ನೂ ಯಾರೂ ಮುಗಿಸುವುದಿಲ್ಲ. ಜಿಪ್ಸಿ ಕಿಂಗಿಗೆ ಕಂಪನಿ ಕೊಟ್ಟ ಅಳತೆ 205/70 ಆರ್15, ಅಂದರೆ ಸುಮಾರು 668 ಮಿಲಿಮೀಟರ್ ಎತ್ತರದ ಚಕ್ರ. ಅದರ ಜಾಗಕ್ಕೆ 31 ಇಂಚಿನದು, ಎಂದರೆ 787 ಮಿಲಿಮೀಟರಿನದು ಬರುತ್ತದೆ. ಆಕ್ಸಲ್ 60 ಮಿಲಿಮೀಟರ್ ಮೇಲೇಳುತ್ತದೆ, ಒಳ್ಳೆಯದೇ. ಜೊತೆಗೇ ಇನ್ನೂ ಮೂರು ಸಂಗತಿ ನಡೆಯುತ್ತವೆ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 70 ದಾಟಿರುತ್ತದೆ. ಪ್ರತಿ ಗೇರಿನ ಎಳೆತವೂ ನೂರಕ್ಕೆ 15ರಷ್ಟು ಬಡವಾಗುತ್ತದೆ. ಹತ್ತುವುದಕ್ಕೆಂದು ಟೈರ್ ಹಾಕಿದವನು ಹತ್ತಲಾರದೆ ಕ್ಲಚ್ ಸುಡುತ್ತಾನೆ. ಮತ್ತೆ, ಅದೇ ಪೆಡಲನ್ನು ಅದೇ ಬಲದಿಂದ ತುಳಿದರೂ ನೆಲಕ್ಕೆ ಸಿಗುವ ಬ್ರೇಕಿನ ಹಿಡಿತ ನೂರಕ್ಕೆ ಸುಮಾರು 15 ಪಾಲು ಇಳಿಯುತ್ತದೆ, ಏಕೆಂದರೆ ಚಕ್ರದ ತ್ರಿಜ್ಯ ಉದ್ದವಾಗಿದೆ, ಡಿಸ್ಕು ಡ್ರಮ್ಮು ಇದ್ದ ಹಾಗೇ ಇವೆ. ಎಬಿಎಸ್ ಇಲ್ಲದ, ಪಟ್ಟೆ ಸ್ಪ್ರಿಂಗಿನ, ಮೂಲತಃ ಹಗುರವಾದ ಗಾಡಿಯಲ್ಲಿ ಈ 15 ಪಾಲು ಸಣ್ಣ ಮಾತಲ್ಲ. ಹಾಗಾದರೆ ಬ್ರೇಕಿಗೆ ಏನು ಮಾಡಿಸಿದಿರಿ? ಎಲ್‌ಇಡಿ ಬಾರ್ ಹಾಕಿಸಿದಿರಿ.

ಬಾಡಿ ಲಿಫ್ಟ್ ಜೊತೆ ಇಂಜಿನ್ ಮೌಂಟಿಂಗ್ ಯಾಕೆ ಬರುತ್ತದೆ ಎನ್ನುವುದನ್ನೂ ನಮ್ಮಲ್ಲಿ ಕೆಲವರು ಫ್ಯಾಷನ್ ಎಂದುಕೊಂಡಿದ್ದಾರೆ. ಅಮೆರಿಕದಲ್ಲಿ 1997ರಿಂದ 2006ರವರೆಗೆ ಬಂದ ಜೀಪ್ ರ‍್ಯಾಂಗ್ಲರ್ ಟಿಜೆ ಮಾದರಿಯನ್ನು ಕಲ್ಲುಬಂಡೆ ಹತ್ತಿಸುವವರು ಒಂದು ಇಂಚು ಬಾಡಿ, ಒಂದು ಇಂಚು ಇಂಜಿನ್, ಎರಡನ್ನೂ ಒಟ್ಟಿಗೆ ಎತ್ತುವ ಪದ್ಧತಿ ಇಟ್ಟುಕೊಂಡರು. ಅದಕ್ಕೆ ಎರಡು ಕಾರಣ. ಟಿಜೆಯ ರೇಡಿಯೇಟರ್ ಬಾಡಿಯ ಕಡೆಗೆ ಸೇರಿದ್ದು, ಅದರ ಫ್ಯಾನ್ ಇಂಜಿನ್ನಿಗೆ ಸೇರಿದ್ದು. ಬಾಡಿ ಮಾತ್ರ ಎತ್ತಿದರೆ ರೇಡಿಯೇಟರೂ ಅದರ ಫ್ಯಾನ್ ಕವರೂ ಮೇಲೆ ಹೋಗುತ್ತವೆ, ಫ್ಯಾನ್ ಕೆಳಗೇ ಉಳಿಯುತ್ತದೆ. ರೆಕ್ಕೆಯ ತುದಿ ಕವರಿನ ಕೆಳ ಅಂಚಿಗೆ ಉಜ್ಜುತ್ತದೆ. ಇಂಜಿನ್ನನ್ನೂ ಅಷ್ಟೇ ಎತ್ತಿದರೆ ಎರಡೂ ಮತ್ತೆ ಎದುರುಬದುರಾಗುತ್ತವೆ. ಇನ್ನೊಂದು ಕಾರಣ ಹೊಟ್ಟೆಯದು. ಗಾಡಿಯ ಮಧ್ಯದಲ್ಲಿ ಕೆಳಗೆ ಜೋತುಬಿದ್ದ, ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸನ್ನೂ ಅದರ ಕೆಳಗಿನ ತಟ್ಟೆಯನ್ನೂ ಮೇಲಕ್ಕೆ ಸೇರಿಸಬೇಕಾದರೆ ಮೇಲೆ ನೆಲಹಾಸಿನ ಕೆಳಗೆ ಜಾಗ ಬೇಕು. ಬಾಡಿ ಒಂದು ಇಂಚು ಎದ್ದರೆ ಆ ಜಾಗ ಸಿಗುತ್ತದೆ, ಇಂಜಿನ್ ಎದ್ದರೆ ಇಡೀ ಜೋಡಣೆ ಓರೆಯಾಗದೆ ಕೂರುತ್ತದೆ. ದಿಬ್ಬದ ನೆತ್ತಿ ದಾಟುವಾಗ ಹೊಟ್ಟೆ ಸಿಕ್ಕಿಹಾಕಿಕೊಳ್ಳಬಾರದು ಎಂಬುದು ಉದ್ದೇಶ. ಹೊರಗಿನಿಂದ ನೋಡಿದವರಿಗೆ ಏನೂ ತಿಳಿಯುವುದಿಲ್ಲ, ಒಂದು ಇಂಚು ಯಾರ ಕಣ್ಣಿಗೂ ಬೀಳುವುದಿಲ್ಲ. ನಾವು ಆ ಉದ್ದೇಶ ಬಿಟ್ಟು ಕಣ್ಣಿಗೆ ಬೀಳುವುದನ್ನಷ್ಟೇ ತಂದುಕೊಂಡೆವು. ಒಂದು ಇಂಚು ಎರಡಾಯಿತು, ಮೂರಾಯಿತು.

ಬಿಲ್ಲೆಯ ವಿಷಯದಲ್ಲಿ ಅಮೆರಿಕದವರೇನು ಸಾಚಾ ಅಲ್ಲ. ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ರಬ್ಬರ್ ಗುಂಡುಬಿಲ್ಲೆ ಮೂರು ಇಂಚು ಅಗಲ, ಒಂದು ಇಂಚು ದಪ್ಪ. ನಡುವೆ ತೂತು ಕೊರೆದು ಅದನ್ನೇ ಬಾಡಿಯ ಕೆಳಗೆ ಇಟ್ಟವರು ಅಲ್ಲೂ ಇದ್ದಾರೆ. ನಮ್ಮಲ್ಲಿ ಅದರ ಜಾಗದಲ್ಲಿ ಕತ್ತರಿಸಿದ ಪೈಪಿನ ತುಂಡು, ಒಂದರ ಮೇಲೊಂದು ಪೇರಿಸಿದ ವಾಷರ್, ಕೆಲವು ಕಡೆ ಮರದ ತುಂಡು. ಮಲೆನಾಡಿನ ಮಳೆಯಲ್ಲಿ ಮರದ ತುಂಡು!

ಈಗ ಸ್ಟೀರಿಂಗಿಗೆ ಬರೋಣ, ಇದನ್ನು ಅವಸರದಲ್ಲಿ ದಾಟುವ ಹಾಗಿಲ್ಲ. ಸ್ಟೀರಿಂಗ್ ಚಕ್ರ ಬಾಡಿಯಲ್ಲಿ, ಸ್ಟೀರಿಂಗ್ ಬಾಕ್ಸ್ ಚಾಸಿಯಲ್ಲಿ. ನಡುವೆ ಒಂದು ಶಾಫ್ಟು. ಅದರ ಒಂದು ತುಂಡು ಇನ್ನೊಂದರೊಳಗೆ ಹಲ್ಲುಗಳ ಮೂಲಕ ಜಾರುವಂತೆ ಕೂತಿರುತ್ತದೆ, ಒಂದು ಬೋಲ್ಟು ಅದನ್ನು ಹಿಡಿದಿರುತ್ತದೆ. ಬಾಡಿ ಮೇಲೆದ್ದಾಗ ಎರಡು ತುಂಡುಗಳೂ ದೂರ ಸರಿಯುತ್ತವೆ. ಸರಿದಷ್ಟೂ ಹಲ್ಲಿನ ಕಚ್ಚು ಕಡಿಮೆ. ಒಂದು ಇಂಚಿಗೆ ಬಹುತೇಕ ಗಾಡಿಗಳು ತಡೆದುಕೊಳ್ಳುತ್ತವೆ. ಎರಡು ಮೂರು ಇಂಚಿಗೆ ಶಾಫ್ಟು ಬಿಚ್ಚಿ, ಅಳೆದು, ಅಗತ್ಯವಿದ್ದರೆ ಉದ್ದದ ಶಾಫ್ಟನ್ನೇ ಹಾಕಬೇಕು. ನಮ್ಮಲ್ಲಿ ಆಗುವುದೇನು? ಎಳೆದರೆ ಬಂತು, ಬೋಲ್ಟು ಬಿಗಿದರು, ಗಾಡಿ ತಿರುಗಿತು, ದುಡ್ಡು ಕೈ ಬದಲಾಯಿತು. ಎಳೆದರೆ ಬರದ ಗಾಡಿಯಾದರೆ ಇನ್ನೂ ಘೋರ: ಶಾಫ್ಟು ಕತ್ತರಿಸಿ ನಡುವೆ ಕಬ್ಬಿಣದ ಸರಳು ಇಟ್ಟು ಬೆಸುಗೆ ಹಾಕುತ್ತಾರೆ. ಅಪಘಾತವಾದಾಗ ಒಳಕ್ಕೆ ಕುಸಿದು ಚಾಲಕನ ಎದೆ ಉಳಿಸಲೆಂದೇ ಜಾರುವಂತೆ ಮಾಡಿದ್ದ ಶಾಫ್ಟನ್ನು ನೆಟ್ಟಗಿನ ಭರ್ಜಿ ಮಾಡಿ ನಿಮ್ಮ ಎದೆಗೆ ಗುರಿಯಿಟ್ಟು ಕೂರಿಸಿದ್ದಾರೆ. ನೀವು ಅದಕ್ಕೆ ಚೌಕಾಸಿ ಮಾಡಿ ಹಣ ಕೊಟ್ಟು ಬಂದಿದ್ದೀರಿ.

ಗೇರಿನ ಕಡ್ಡಿಯ ಕಥೆ ಇದಕ್ಕಿಂತ ಮೆತ್ತಗೆ ಕೊಲ್ಲುತ್ತದೆ. ಕಡ್ಡಿ ಗೇರ್‌ಬಾಕ್ಸಿನಿಂದ ಹೊರಟು ನೆಲಹಾಸಿನ ಕಂಡಿಯ ಮೂಲಕ ಮೇಲೆ ಬರುತ್ತದೆ. ನೆಲಹಾಸು ಎರಡು ಇಂಚು ಎದ್ದ ಮೇಲೆ ಕಂಡಿಯ ಅಂಚು ಕಡ್ಡಿಯ ನಡುಮೈಗೆ ಬರುತ್ತದೆ. ಗೇರ್ ಹಾಕುವಾಗ ಕಡ್ಡಿ ಹೋಗಬೇಕಾದಷ್ಟು ದೂರ ಹೋಗುವ ಮೊದಲೇ ಅಂಚಿಗೆ ತಾಗಿ ನಿಲ್ಲುತ್ತದೆ. ಗೇರ್ ಬಿದ್ದಂತೆ ಅನ್ನಿಸುತ್ತದೆ, ಪೂರ್ತಿ ಬಿದ್ದಿರುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಸಣ್ಣ ಕಡ್ಡಿಗೂ ಇದೇ ಗತಿ. ಸಮತಟ್ಟಿನಲ್ಲಿ ಗೊತ್ತಾಗುವುದಿಲ್ಲ. ಕೊಡಚಾದ್ರಿಯಂಥ ಇಳಿಜಾರಿನಲ್ಲಿ, ಹಿಂದೆ ಆರು ಜನ ಕೂತಿರುವಾಗ, ಲೋ ಗೇರಿನ ಮೇಲೆ ಇಡೀ ಗಾಡಿಯ ಭಾರ ನಿಂತಿರುವಾಗ ಅದು ಜಿಗಿದು ನ್ಯೂಟ್ರಲ್ಲಿಗೆ ಬರುತ್ತದೆ. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್ ಆದರೆ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಕಡಿದಂತೆ. ಆ ಹೊತ್ತಿನಲ್ಲಿ ಮೊದಲ ಗೇರಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಉಳಿದದ್ದು ಬ್ರೇಕು. ಅದರ ಲೆಕ್ಕವನ್ನು ಮೇಲೆ ನೋಡಿದೆವು. ಇದಕ್ಕೆ ಪರಿಹಾರ ಕಂಡಿಯನ್ನು ಅಗಲಿಸುವುದು, ಇಲ್ಲವೇ ಕಡ್ಡಿಯನ್ನು ಬಗ್ಗಿಸಿ ಲಿಂಕೇಜ್ ಹೊಂದಿಸುವುದು. ಒಂದು ಮಧ್ಯಾಹ್ನದ ಕೆಲಸ. ಆ ಮಧ್ಯಾಹ್ನವನ್ನು ಉಳಿಸಿದ ಜಾಣತನಕ್ಕೆ ಏನೆನ್ನಬೇಕೋ ನೀವೇ ಹೇಳಿ.

ಮಿಕ್ಕವನ್ನು ಬೇಗ ಹೇಳುತ್ತೇನೆ. ಇಂಧನ ತುಂಬುವ ಬಾಯಿ ಬಾಡಿಯಲ್ಲಿ, ಟ್ಯಾಂಕು ಕೆಳಗೆ. ನಡುವಿನ ರಬ್ಬರ್ ಪೈಪು ಎಳೆದುಕೊಂಡು ಕ್ಲಿಪ್ಪಿನಿಂದ ಜಾರಿದರೆ ಟ್ಯಾಂಕು ತುಂಬಿಸಿದ ದಿನ ಪೆಟ್ರೋಲ್ ಬಿಸಿ ಸೈಲೆನ್ಸರಿನ ಹತ್ತಿರ ಸೋರುತ್ತದೆ. ಮಾಸ್ಟರ್ ಸಿಲಿಂಡರಿನಿಂದ ಚಾಸಿಗೆ ಇಳಿಯುವ ಬ್ರೇಕ್ ಪೈಪುಗಳಲ್ಲಿ ಸಡಿಲ ಉಳಿದಿದೆಯೇ ನೋಡಬೇಕು. ಬಿಗಿಯಾಗಿ ನಿಂತ ಉಕ್ಕಿನ ಪೈಪು ಅಲುಗಾಟಕ್ಕೆ ಬಿರುಕು ಬಿಡುತ್ತದೆ. ಹ್ಯಾಂಡ್‌ಬ್ರೇಕ್ ಕೇಬಲ್, ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಮೂರನ್ನೂ ಕೈಯಿಂದ ಎಳೆದು ನೋಡಬೇಕು. ಇಂಜಿನ್ನಿಗೂ ಬಾಡಿಗೂ ಇರುವ ಅರ್ಥಿಂಗ್ ಪಟ್ಟಿ ಕಿತ್ತುಹೋದರೆ ವಿದ್ಯುತ್ತು ತನಗೆ ಸಿಕ್ಕ ದಾರಿ ಹಿಡಿಯುತ್ತದೆ. ಆಕ್ಸಿಲರೇಟರ್ ಕೇಬಲ್ ಮೂಲಕ ಹರಿದು ಅದನ್ನು ಬಿಸಿ ಮಾಡಿ ಕಚ್ಚಿಸಿಬಿಡುವುದೂ ಉಂಟು. ಸ್ಟಾರ್ಟ್ ಮಾಡುವಾಗ ಪೆಡಲ್ ಬಿಗಿಯಾಯಿತು ಎಂದು ಗ್ಯಾರೇಜಿಗೆ ಹೋದವನಿಗೆ ಹೊಸ ಕೇಬಲ್ ಹಾಕಿ ಕಳಿಸುತ್ತಾರೆ, ಪಟ್ಟಿಯನ್ನು ಯಾರೂ ನೋಡುವುದಿಲ್ಲ.

ಇಂಜಿನ್ ಮೌಂಟಿಂಗ್ ವಿಷಯದಲ್ಲಿ ನಮ್ಮ ಉದಾಸೀನ ಇನ್ನೂ ಹಳೆಯದು, ಲಿಫ್ಟ್ ಮಾಡಿಸದವರಿಗೂ ಅನ್ವಯಿಸುವಂಥದು. ಮೌಂಟಿಂಗ್ ಎಂದರೆ ಎರಡು ಉಕ್ಕಿನ ತಟ್ಟೆಗಳ ನಡುವೆ ಅಂಟಿಸಿದ ರಬ್ಬರ್. ಇಂಜಿನ್ನಿನ ಎರಡು ಪಕ್ಕಕ್ಕೆ ಒಂದೊಂದು, ಗೇರ್‌ಬಾಕ್ಸಿನ ಕೆಳಗೆ ಇನ್ನೊಂದು. ರಾಕರ್ ಕವರಿನ ಗ್ಯಾಸ್ಕೆಟ್ ಸೋರಿದ ಎಣ್ಣೆ ತೊಟ್ಟಿಕ್ಕಿ ಆ ರಬ್ಬರ್ ಉಬ್ಬುತ್ತದೆ, ಮೆತ್ತಗಾಗುತ್ತದೆ, ಕೊನೆಗೊಂದು ದಿನ ತಟ್ಟೆಯಿಂದ ಬಿಡುತ್ತದೆ. ಬಿಟ್ಟರೂ ಇಂಜಿನ್ ಬಿದ್ದುಹೋಗುವುದಿಲ್ಲ, ತನ್ನ ತೂಕದಿಂದಲೇ ಕೂತಿರುತ್ತದೆ. ಅದಕ್ಕೇ ಯಾರಿಗೂ ಗಾಬರಿಯಿಲ್ಲ. ಆಫ್ ಮಾಡುವಾಗ ‘ದಡಕ್’ ಎನ್ನುತ್ತದೆ, ಕ್ಲಚ್ ಬಿಟ್ಟಾಗ ಗೇರಿನ ಕಡ್ಡಿ ಹಾರುತ್ತದೆ. ‘ಡೀಸೆಲ್ ಗಾಡಿ ಅಲ್ವಾ, ಹಂಗೇ’ ಎನ್ನುತ್ತೀರಿ. ಹಂಗೇ ಅಲ್ಲ.

ಇಂಜಿನ್ ಒಂದು ದಿಕ್ಕಿಗೆ ತಿರುಗಿಸಿದಷ್ಟೇ ಬಲದಿಂದ ತಾನು ಇನ್ನೊಂದು ದಿಕ್ಕಿಗೆ ತಿರುಗಲು ನೋಡುತ್ತದೆ. ಆ ತಿರುಚನ್ನು ತಡೆದುಕೊಳ್ಳುವುದು ಮೌಂಟಿಂಗ್. ಬರೀ ಇಂಜಿನ್ನಿನ ತಿರುಚಷ್ಟೇ ಅಲ್ಲ: ಮೊದಲ ಗೇರಿನಲ್ಲಿ ಗೇರ್‌ಬಾಕ್ಸು ಅದನ್ನು ಮೂರೂವರೆ ಪಟ್ಟು ಮಾಡುತ್ತದೆ, ಆ ಪೂರ್ತಿ ಪ್ರತಿಬಲ ಮೌಂಟಿಂಗ್‌ಗಳ ಮೇಲೇ ಬೀಳುತ್ತದೆ. ಲೋ ಹಾಕಿದಾಗ ಟ್ರಾನ್ಸ್‌ಫರ್ ಕೇಸು ಅದನ್ನು ಮತ್ತೆ ಎರಡು ಪಟ್ಟಿಗೂ ಮೀರಿಸುತ್ತದೆ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಹಿಂದೆ ಬೇರೆಯಾಗಿ, ತನ್ನದೇ ರಬ್ಬರ್‌ಗಳ ಮೇಲೆ ತೂಗಿಕೊಂಡಿದೆ, ನಡುವೆ ಗಿಡ್ಡ ಶಾಫ್ಟೊಂದು ಎರಡನ್ನೂ ಜೋಡಿಸುತ್ತದೆ. ಆ ರಬ್ಬರ್‌ಗಳನ್ನು ಗಾಡಿ ಕೊಂಡಂದಿನಿಂದ ಮುಟ್ಟದವರೇ ಹೆಚ್ಚು. ಇಂಥ ಗಾಡಿಯನ್ನು ಕೆಸರಿನಲ್ಲಿ ಹೂತು, ಲೋ ಒಂದನೇ ಗೇರಿನಲ್ಲಿ ಕ್ಲಚ್ಚನ್ನು ರಪ್ಪನೆ ಬಿಟ್ಟರೆ, ಹರಿದ ಮೌಂಟಿಂಗಿನ ಪಕ್ಕ ಇಂಜಿನ್ ಮೇಲಕ್ಕೆ ಹಾರುತ್ತದೆ. ಫ್ಯಾನು ಮುಂದಕ್ಕೆ ಬಾಗಿ ರೇಡಿಯೇಟರಿನೊಳಗೆ ಹೊಕ್ಕುತ್ತದೆ. ನಿಮ್ಮ ವಿಡಿಯೋ ಮಾಡುತ್ತಿದ್ದವನು ಅದನ್ನು ನೋಡಿ ನಗುತ್ತಾನೆ, ನೀವು ಟ್ರ್ಯಾಕ್ಟರಿಗೆ ಫೋನು ಮಾಡುತ್ತೀರಿ.

ಈ ಹರಿದ ರಬ್ಬರಿನ ಕೆಳಗೇ ನಿಮ್ಮ ಮೇಸ್ತ್ರಿ ಒಂದು ಇಂಚಿನ ಉಕ್ಕಿನ ಬಿಲ್ಲೆ ಇಟ್ಟು ಇಂಜಿನ್ ಎತ್ತಿದ್ದಾನೆ. ‘ಬಾಡಿ ಎತ್ತಿದೀವಿ, ಫ್ಯಾನ್ ತಾಗ್ತಿತ್ತು, ಅದಕ್ಕೆ ಇದೂ ಎತ್ತಿದೆ’ ಎನ್ನುತ್ತಾನೆ. ಅವನ ಯೋಚನೆ ತಪ್ಪಲ್ಲ, ಅಲ್ಲಿಗೇ ನಿಲ್ಲಿಸಿದ್ದು ತಪ್ಪು. ಇಂಜಿನ್ನಿನ ಮುಂಭಾಗ ಎದ್ದು ಹಿಂದಿನ ಮೌಂಟಿಂಗ್ ಅಲ್ಲೇ ಉಳಿದರೆ ಇಡೀ ಜೋಡಣೆ ಹಿಂದಕ್ಕೆ ಓರೆಯಾಗುತ್ತದೆ. ಮೌಂಟಿಂಗ್‌ಗಳ ನಡುವೆ ಮುಕ್ಕಾಲು ಮೀಟರ್ ದೂರವಿದ್ದರೆ ಒಂದು ಇಂಚಿಗೆ ಸುಮಾರು ಎರಡು ಡಿಗ್ರಿ. ಎರಡು ಡಿಗ್ರಿ ಏನು ಮಹಾ ಎನ್ನಬೇಡಿ. ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯ ಕ್ರಾಸ್‌ಗಳು ಸಮನಾದ ಕೋನದಲ್ಲಿದ್ದರೆ ಮಾತ್ರ ಒಂದರ ಏರಿಳಿತವನ್ನು ಇನ್ನೊಂದು ನುಂಗುತ್ತದೆ. ಕೋನ ಬೇರೆಯಾದರೆ ಶಾಫ್ಟು ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿಸಿ ಇಳಿಸುತ್ತ ನಡುಗುತ್ತದೆ. ಅರುವತ್ತರ ಮೇಲೆ ಸೀಟಿನ ಕೆಳಗೆ ಬರುವ ಗುಂಯ್ ಸದ್ದು ಅದೇ. ನೀವು ಅದನ್ನು ಟೈರಿನ ಸದ್ದು ಎಂದು ಸಮಾಧಾನ ಮಾಡಿಕೊಂಡಿದ್ದೀರಿ. ಸೈಲೆನ್ಸರಿನ ಮೊದಲ ಪೈಪು ಎಳೆದುಕೊಂಡು ಬಾಗಿದೆಯೇ, ಏರ್‌ಫಿಲ್ಟರಿನ ಡಬ್ಬಿ ಬಾನೆಟ್ಟಿಗೆ ತಾಗುತ್ತಿದೆಯೇ, ಇದನ್ನೆಲ್ಲ ಇಂಜಿನ್ ಎತ್ತಿದ ದಿನವೇ ನೋಡಬೇಕಿತ್ತು.

ಇನ್ನು ಕೆಲವರು ಹಳೆಯ ರಬ್ಬರಿನಿಂದ ಬೇಸತ್ತು ಪಾಲಿಯುರೆಥೇನ್ ಮೌಂಟಿಂಗ್ ಹಾಕಿಸುತ್ತಾರೆ. ಅದು ಹರಿಯುವುದು ಕಡಿಮೆ, ನಿಜ. ನಡುಕವನ್ನು ನುಂಗುವುದೂ ಕಡಿಮೆ. ನುಂಗದ ನಡುಕ ಚಾಸಿಯ ಬ್ರಾಕೆಟ್ಟಿಗೆ ಹೋಗುತ್ತದೆ. ತುಕ್ಕು ಹಿಡಿದ ಬ್ರಾಕೆಟ್ಟಾದರೆ ಬೆಸುಗೆಯ ಬುಡದಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ.

ತುಕ್ಕು ಎಂದ ಕೂಡಲೇ ಮಲೆನಾಡಿನ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರಲ್ಲೇ ಬದುಕುವ ಗಾಡಿಯ ಬಾಡಿ ಬೋಲ್ಟುಗಳು ಬಿಚ್ಚಲು ಹೋದರೆ ಮುರಿಯುತ್ತವೆ, ಅಥವಾ ಬಾಡಿಯೊಳಗೆ ಬೆಸುಗೆ ಹಾಕಿದ ನಟ್ಟು ಕಿತ್ತುಕೊಂಡು ಬೋಲ್ಟಿನ ಜೊತೆ ತಿರುಗುತ್ತದೆ. ಸರಿಯಾದ ಮೇಸ್ತ್ರಿ ಹಿಂದಿನ ದಿನವೇ ಎಣ್ಣೆ ಬಿಟ್ಟು ನೆನೆಸುತ್ತಾನೆ, ನಟ್ಟು ತಿರುಗಿದರೆ ನೆಲಹಾಸು ತೆರೆದು ಹೊಸದು ಕೂರಿಸುತ್ತಾನೆ. ಅವಸರದವನು ಗ್ಯಾಸಿನಿಂದ ಸುಟ್ಟು, ಮುರಿದ ಜಾಗ ಬಿಟ್ಟು, ಉಳಿದ ಬೋಲ್ಟುಗಳಿಗೆ ‘ಸಾಕು’ ಎನ್ನುತ್ತಾನೆ. ಎತ್ತುವಾಗ ಒಂದು ಪಕ್ಕ ಮಾತ್ರ ಬಿಚ್ಚಿ, ಇನ್ನೊಂದು ಪಕ್ಕದ ಬೋಲ್ಟು ಸಡಿಲಿಸದೆ, ನೆಲಹಾಸಿನ ತೆಳು ತಗಡಿಗೆ ಜಾಕ್ ಕೊಟ್ಟು ಬಗ್ಗಿಸಿದ ಗಾಡಿಗಳಿವೆ. ಬಾಗಿಲು ಆಮೇಲೆ ಸರಿಯಾಗಿ ಮುಚ್ಚುವುದಿಲ್ಲ. ‘ಲಿಫ್ಟ್ ಆದ್ಮೇಲೆ ಹಂಗಾಗುತ್ತೆ ಸಾರ್.’

ಬೋಲ್ಟು ಯಾವುದು ಹಾಕಿದ? ಅದರ ತಲೆಯ ಮೇಲೆ 8.8 ಅಥವಾ 10.9 ಎಂದು ಮುದ್ರೆ ಇದೆಯೇ? 8.8 ಎಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ ತಡೆಯುವ ಉಕ್ಕು, ಸಾಮಾನ್ಯ 4.6 ಬೋಲ್ಟು ಅದರ ಅರ್ಧ. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಸಿಗುವ, ತಲೆಯ ಮೇಲೆ ಯಾವ ಗುರುತೂ ಇಲ್ಲದ ಉದ್ದದ ಬೋಲ್ಟಿನ ಮೇಲೆ ನಿಮ್ಮ ಮನೆಮಂದಿಯನ್ನು ಕೂರಿಸಿದ್ದೀರಿ. ಬಿಲ್ಲೆ ಎತ್ತರವಾದಷ್ಟೂ ಪಕ್ಕದ ಎಳೆತಕ್ಕೆ ಬೋಲ್ಟು ಬಾಗುವ ಒತ್ತಡ ಹೆಚ್ಚು. ಒಂದು ಇಂಚಿಗಿಂತ ಮೂರು ಇಂಚಿಗೆ ಅದು ಮೂರು ಪಟ್ಟು. ಮೂರು ಇಂಚು ಬಾಡಿ ಲಿಫ್ಟ್ ಮಾಡಿಸಿದವರಿಗೆ ನಾನು ಹೇಳುವುದು ಒಂದೇ: ತೆಗೆಸಿ. ಮಿಕ್ಕವರು ಟಾರ್ಕ್ ರೆಂಚ್ ಹಿಡಿದು ಬಿಗಿಸಿ, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಸಿ. ರಬ್ಬರ್ ಕೂತು ಬೋಲ್ಟು ಸಡಿಲವಾಗಿಯೇ ಆಗಿರುತ್ತದೆ.

ಕಾನೂನನ್ನು ಎತ್ತಿದರೆ ಎಲ್ಲರೂ ಮುಖ ತಿರುಗಿಸುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಸೇರಿಸಿದ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ‘ತೋಟದೊಳಗೆ ಓಡಿಸೋದು, ಯಾರು ಕೇಳ್ತಾರೆ’ ಎನ್ನುವವರ ಗಾಡಿಯೇ ಸಂತೆಯ ದಿನ ಪೇಟೆಯಲ್ಲಿ, ಭಾನುವಾರ ಶಿರಾಡಿ ಘಾಟಿಯಲ್ಲಿ ಸಿಗುತ್ತದೆ. ಎಫ್‌ಸಿ, ಅಂದರೆ ಫಿಟ್‌ನೆಸ್ ಪರೀಕ್ಷೆ, ಹತ್ತಿರ ಬಂದಾಗ ಹಳೆಯ ಟೈರು ಹಾಕಿಕೊಂಡು ಹೋಗಿ ಬಂದು ಮತ್ತೆ ದೊಡ್ಡ ಟೈರು ಹಾಕಿಸುವ ಚಾಲಾಕಿತನವನ್ನು ಕೂಟಗಳಲ್ಲಿ ಎದೆಯುಬ್ಬಿಸಿ ಹೇಳಿಕೊಳ್ಳುತ್ತಾರೆ. ಕೇಳಿದವರು ಚಪ್ಪಾಳೆ ತಟ್ಟುತ್ತಾರೆ. ನಾಳೆ ಆ ಗಾಡಿ ಯಾರಿಗಾದರೂ ಗುದ್ದಿದರೆ ವಿಮೆಯವರು ಮೊದಲು ನೋಡುವುದು ಈ ಬಿಲ್ಲೆಗಳನ್ನೇ. ಆಗ ಚಪ್ಪಾಳೆ ತಟ್ಟಿದವರು ಸಾಕ್ಷಿಗೆ ಬರುವುದಿಲ್ಲ.

ಮೇಸ್ತ್ರಿಗಳಿಗೂ ಎರಡು ಮಾತು. ‘ಏನೂ ಆಗಲ್ಲ ಸಾರ್, ಎಷ್ಟು ಗಾಡಿಗೆ ಹಾಕಿದೀನಿ’ ಎನ್ನುವುದು ಲೆಕ್ಕವಲ್ಲ. ಹಾಕಿ ಕಳಿಸಿದ ಗಾಡಿಗಳಲ್ಲಿ ಎಷ್ಟನ್ನು ಮತ್ತೆ ಕರೆಸಿ ಕೆಳಗೆ ಇಣುಕಿ ನೋಡಿದ್ದೀರಿ? ಗಿರಾಕಿ ಮೂರು ಇಂಚು ಕೇಳಿದಾಗ ಆಗುವುದಿಲ್ಲ ಎನ್ನುವ ಧೈರ್ಯ ನಿಮಗಿರಬೇಕು. ಅವನು ಬೇರೆ ಗ್ಯಾರೇಜಿಗೆ ಹೋಗುತ್ತಾನೆ ಎಂಬ ಹೆದರಿಕೆಯೇ ಈ ದಂಧೆಯನ್ನು ಕೆಡಿಸಿದ್ದು. ಆದರೂ ದೊಡ್ಡ ಪಾಲು ತಪ್ಪನ್ನು ಗಿರಾಕಿಯ ತಲೆಗೇ ಹಾಕುತ್ತೇನೆ. ಬಿಲ್ಲೆಗೆ ದುಡ್ಡು ಕೊಟ್ಟವನು, ಶಾಫ್ಟು, ಹೋಸು, ಹೊಸ ಮೌಂಟಿಂಗ್ ಎಂದಾಗ ‘ಅದೆಲ್ಲ ಆಮೇಲೆ ನೋಡೋಣ’ ಎಂದವನು ಅವನು. ಮೇಲೆ ಥಳುಕು, ಒಳಗೆ ಹುಳುಕು ಎನ್ನುವ ಗಾದೆಗೆ ನಂಬರ್ ಪ್ಲೇಟ್ ಹಾಕಿಸಿ ರಸ್ತೆಗೆ ಬಿಟ್ಟಿದ್ದಾನೆ.

ಈ ಗಾಡಿಗಳಲ್ಲಿ ನೀವೊಬ್ಬರೇ ಕೂರುವುದಿಲ್ಲ. ಬೆಳಿಗ್ಗೆ ತೋಟದ ಲೈನ್ ಮನೆಗಳಿಂದ ಕಾಫಿ ಕೊಯ್ಲಿಗೆ ಹೊರಟ ಹೆಂಗಸರು ಹಿಂದೆ ಕಂಬಿ ಹಿಡಿದು ನಿಂತಿರುತ್ತಾರೆ. ಮಾಂದಲ್‌ಪಟ್ಟಿ ನೋಡಲು ಬಂದ ಯಾವುದೋ ಊರಿನ ಮಕ್ಕಳು ಬಾಡಿಗೆ ಜೀಪಿನಲ್ಲಿ ಕೂತು ಕಿರುಚಿ ಖುಷಿಪಡುತ್ತಿರುತ್ತಾರೆ. ಎಷ್ಟು ಇಂಚು ಎಂದು ಅವರು ಕೇಳಿರಲಿಲ್ಲ, ಯಾವ ಬೋಲ್ಟು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಿಮ್ಮ ಕೂಟದ ಸಾಹಸದಲ್ಲಿ ಅಪಾಯ ನಿಮ್ಮ ಆಯ್ಕೆ, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ಇವರ ವಿಷಯದಲ್ಲಿ ಆಯ್ಕೆ ನಿಮ್ಮದು, ಅಪಾಯ ಅವರದು.

ಆದ್ದರಿಂದ ಈ ವಾರ ಒಂದು ಅರ್ಧ ದಿನ ತೆಗೆದಿಡಿ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಹಾಕಿ, ಬಾನೆಟ್ ಎತ್ತಿ. ಬ್ರೇಕನ್ನು ಗಟ್ಟಿಯಾಗಿ ತುಳಿದು ಒಂದನೇ ಗೇರಿಗೆ ಹಾಕಿ ಕ್ಲಚ್ಚನ್ನು ಇಂಜಿನ್ ಎಳೆಯುವಷ್ಟು ಮಾತ್ರ ಬಿಡಿ; ಆಮೇಲೆ ರಿವರ್ಸಿನಲ್ಲಿ ಅದೇ ಮಾಡಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಲಿ, ಎದುರಿಗೆ ಬೇಡ. ಇಂಜಿನ್ ಒಂದು ಪಕ್ಕಕ್ಕೆ ಎದ್ದು ಕುಪ್ಪಳಿಸಿದರೆ ಮೌಂಟಿಂಗ್ ಹೋಗಿದೆ, ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಇಂಜಿನ್ ಆಫ್ ಮಾಡಿ ಕೆಳಗೆ ಮಲಗಿ ಟಾರ್ಚ್ ಬಿಟ್ಟು ಸ್ಟೀರಿಂಗ್ ಶಾಫ್ಟು, ಬ್ರೇಕ್ ಪೈಪು, ಇಂಧನದ ಹೋಸು, ಅರ್ಥಿಂಗ್ ಪಟ್ಟಿ, ಬೋಲ್ಟಿನ ತಲೆಗಳನ್ನು ಒಂದೊಂದಾಗಿ ನೋಡಿ. ಲೋ ಗೇರ್ ಹಾಕಿ ಕಡ್ಡಿಯ ಸುತ್ತ ಕಂಡಿಯಲ್ಲಿ ಬೆರಳು ಹೋಗುತ್ತದೆಯೇ ಪರೀಕ್ಷಿಸಿ. ಇದನ್ನೆಲ್ಲ ಸರಿಪಡಿಸುವ ಹಣವಾಗಲಿ ಪುರುಸೊತ್ತಾಗಲಿ ಇಲ್ಲದಿದ್ದರೆ ನಾಚಿಕೆಪಡಬೇಕಾಗಿಲ್ಲ; ಬಿಲ್ಲೆಗಳನ್ನು ತೆಗೆಸಿ, ಕಂಪನಿಯ ಬುಷ್ಷು ಬೋಲ್ಟು ಹಾಕಿಸಿ, ಹಳೆಯ ಟೈರಿಗೆ ಮರಳಿ. ಮುಂಗಾರು ಹಿಡಿಯುವುದರೊಳಗೆ ಎರಡರಲ್ಲಿ ಒಂದನ್ನು ಮಾಡಿ ಮುಗಿಸಿ.